ಮುನಿಸಿಕೊಳ್ಳದ ಜಗುಲಿ

ಶಿರಾ ಪೇಟೆಯಲ್ಲಿ ಶಾಜಿಯಾಳ ಹಾಸಿಗೆ ಅಂಗಡಿ ಎಲ್ಲಿದೆ ಅಂತ ಕೇಳಿದರೆ ಅರ್ಧ ಓಣಿಗೇ ಗೊತ್ತಿಲ್ಲ. ಅದಕ್ಕೆ ಬೋರ್ಡೂ ಇಲ್ಲ, ಷಟರೂ ಇಲ್ಲ. ಮನೆಯ ಹಿಂದಿನ ಶೀಟಿನ ಕೊಟ್ಟಿಗೆಯಲ್ಲಿ ಹತ್ತಿ ಬಿಡಿಸುವ ಯಂತ್ರ ಗುಯ್‌ಗುಡುತ್ತಿರುತ್ತದೆ, ಇಬ್ಬರು ಹೆಂಗಸರು ದಬ್ಬಳ ಹಿಡಿದು ಹೊಲಿಯುತ್ತಿರುತ್ತಾರೆ. ಗಿರಾಕಿಗಳು ಮಾತ್ರ ಕೊರಟಗೆರೆ, ದಾವಣಗೆರೆ, ಒಮ್ಮೊಮ್ಮೆ ಪುಣೆ ಅಂತ ಎಲ್ಲೆಲ್ಲೋ ಇರುತ್ತಾರೆ. ಲಾರಿ ಮೆಕ್ಯಾನಿಕ್ಕಾದ ಅವಳ ಗಂಡ “ನನ್ನ ಹೆಂಡ್ತಿ ಗಾಳೀಲಿ ಅಂಗಡಿ ಇಟ್ಟವ್ಳೆ” ಅಂತ ಕಂಡಕಂಡವರಿಗೆ ಹೇಳಿ ನಗುತ್ತಾನೆ. ನಗಲಿ, ಪಾಪ. ಗಾಳಿಯ ಅಂಗಡಿಯಿಂದಲೇ ಮನೆ ನಡೆಯುತ್ತಿರುವುದು ಅವನಿಗೂ ಗೊತ್ತು.

ಆದರೆ ಆ ಅಂಗಡಿ ಶಾಜಿಯಾಳ ಹೆಸರಿನಲ್ಲಿಲ್ಲ. ಫೋನಿನಲ್ಲಿ ತೆರೆದರೆ ಕಾಣುವುದು ಅವಳ ಅಪ್ಪನ ಹೆಸರು, ಹುಸೇನ್ ಸಾಬ್.

ಹುಸೇನ್ ಸಾಬರು ಪಿಂಜಾರರು, ಅಂದರೆ ಹತ್ತಿ ಬಡಿದು ಹಾಸಿಗೆ ಮಾಡುವವರು. ಸುಗ್ಗಿ ಮುಗಿದದ್ದೇ ತಡ, ಆಳುದ್ದದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು, ಪಟ್ಟೆ ಬಟ್ಟೆಯ ಗಂಟನ್ನು ಸೈಕಲ್ಲಿಗೆ ಬಿಗಿದು ಹೊರಟರೆ ಮಳೆ ಬೀಳುವ ತನಕ ಅವರು ಮನೆ ಸೇರುತ್ತಿದ್ದುದು ಶುಕ್ರವಾರದ ನಮಾಜಿಗೆ ಮಾತ್ರ. ಹುಲಿಕುಂಟೆ, ಮದಲೂರು, ಆಚೆಗೆ ಪಾವಗಡದ ನಿಡುಗಲ್ ತನಕ ಅವರದೇ ದಾರಿ. ಊರೊಳಗೆ ಸೈಕಲ್ ಬೆಲ್ ಕೇಳಿದರೆ ಹೆಂಗಸರು ಹಾಸಿಗೆ ಸುತ್ತಿಕೊಂಡು ಬಾಗಿಲಿಗೆ ಬರುತ್ತಿದ್ದರು. ನಿಡುಗಲ್ ಕಡೆಯವರು “ಸಾಯಿಬು ವಚ್ಚಿನಾಡು”, ಸಾಬರು ಬಂದರು ಅಂತ ತೆಲುಗಿನಲ್ಲಿ ಕೂಗು ಹಾಕುತ್ತಿದ್ದರು. ವರ್ಷವೆಲ್ಲ ಮಲಗಿ ಕಲ್ಲಾದ ಹಾಸಿಗೆಯನ್ನು ಅಂಗಳದಲ್ಲಿ ಬಿಚ್ಚಿ, ಗಂಟುಗಂಟಾದ ಹತ್ತಿಯನ್ನು ಬಿಲ್ಲಿನ ನರಕ್ಕೆ ಕೊಟ್ಟು ಬಡಿದರೆ ಟೊಂಯ್ ಟೊಂಯ್ ಅನ್ನುವ ಸದ್ದು ಊರಾಚೆಗೂ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಅದೇ ಹಳೇ ಹತ್ತಿ ಮೊಣಕಾಲೆತ್ತರ ಉಬ್ಬಿ ನಿಂತಿರುತ್ತಿತ್ತು.

ಶಾಲೆಗೆ ರಜ ಬಂದರೆ ಶಾಜಿಯಾ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಅಪ್ಪನ ಜೊತೆ ಹೋಗುತ್ತಿದ್ದಳು. ಹುಲಿಕುಂಟೆಯ ಚಿಕ್ಕಹನುಮಕ್ಕ ಅವಳ ತಲೆಗೂದಲಿಗೆ ಅಂಟಿದ ಹತ್ತಿಯನ್ನು ಹೆಕ್ಕಿ ತೆಗೆದು, ಬೇಯಿಸಿದ ಕಡಲೇಕಾಯಿ ಮಡಿಲಿಗೆ ಸುರಿಯುತ್ತಿದ್ದಳು. ಆ ಕಡಲೇಕಾಯಿಯ ರುಚಿ ಮತ್ತೆ ಯಾವ ಕಡಲೇಕಾಯಿಗೂ ಬರಲಿಲ್ಲ. ಬಾಲ್ಯದಲ್ಲಿ ತಿಂದದ್ದೆಲ್ಲ ಹಾಗೇ ಅಂತ ತಿಳಿದವರು ಹೇಳಬಹುದು, ಆದರೆ ತಿಳಿದವರು ಚಿಕ್ಕಹನುಮಕ್ಕನ ಕಡಲೇಕಾಯಿ ತಿಂದಿಲ್ಲ.

ಆಮೇಲೆ ಫೋಮ್ ಹಾಸಿಗೆ ಬಂತು. ಬಡಿಯುವ ಗೋಜಿಲ್ಲ, ಬಿಸಿಲಿಗೆ ಹಾಕುವ ರಗಳೆಯಿಲ್ಲ, ಬೆನ್ನು ಹಿಡಿದುಕೊಂಡರೆ ಡಾಕ್ಟರಿದ್ದಾರೆ. ಹುಸೇನ್ ಸಾಬರ ಸುತ್ತಾಟ ನಿಂತಿತು. ಅಷ್ಟರಲ್ಲಿ ಹತ್ತಿಯ ಧೂಳು ಎದೆಯೊಳಗೂ ಕೂತಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆದು, ತಲೆಗೆ ಟೋಪಿ ಇಟ್ಟು ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದರು, ಯಾರಾದರೂ ಬಂದಾರು ಅಂತ. ಊಟಕ್ಕೇನೂ ಕೊರತೆಯಿರಲಿಲ್ಲ. ಅವರನ್ನು ತಿನ್ನುತ್ತಿದ್ದ ಚಿಂತೆ ಬೇರೆ. “ಯಾರೂ ನನ್ನ ಕೇಳ್ತಾನೇ ಇಲ್ಲ ಕಣಮ್ಮ” ಅಂದರು ಒಂದು ದಿನ. ಅಪ್ಪ ಇರುವಷ್ಟು ದಿನವಾದರೂ ಅವರನ್ನು ಯಾರಾದರೂ ಕೇಳಿಕೊಂಡು ಬರುವ ಹಾಗೆ ಮಾಡಬೇಕು ಅನ್ನುವ ಹಟ ಶಾಜಿಯಾಳಿಗೆ ಹುಟ್ಟಿದ್ದು ಆವತ್ತು.

ಜನ ಸೊಪ್ಪಿನಿಂದ ಸೀರೆ ತನಕ ಎಲ್ಲವನ್ನೂ ಫೋನಿನಲ್ಲೇ ಕೊಳ್ಳುವ ಕಾಲ. ಹತ್ತಿ ಹಾಸಿಗೆಯನ್ನೂ ಯಾಕೆ ಮಾರಬಾರದು? ಬಿ.ಕಾಂ. ಓದಿದ್ದಳು, ಯಂತ್ರ ಹಾಕಿಸಿದಳು, ಅಪ್ಪನ ಹೆಸರಿನಲ್ಲೇ ವೆಬ್‌ಸೈಟ್ ಆಗಲಿ ಅಂದಳು. ವೆಬ್‌ಸೈಟ್ ಅಂದರೆ ಅಂಗಡಿ ಸರಿ, ಆದರೆ ಆ ಅಂಗಡಿಯನ್ನು ಹಗಲೂ ರಾತ್ರಿ ತೆರೆದಿಡಲು ಯಾರದಾದರೂ ಕಂಪ್ಯೂಟರಿನಲ್ಲಿ ಜಾಗ ಹಿಡಿಯಬೇಕು. ಅದಕ್ಕೆ ಹೋಸ್ಟಿಂಗ್ ಅನ್ನುತ್ತಾರೆ. ಅಂಗಡಿಯ ಹೆಸರನ್ನೂ ವರ್ಷವರ್ಷ ನವೀಕರಿಸಬೇಕು, ಇಲ್ಲದಿದ್ದರೆ ಕೈತಪ್ಪುತ್ತದೆ. ಇದನ್ನೆಲ್ಲ ವಿಚಾರಿಸುವ ಮೊದಲೇ ಅವಳ ಅಮ್ಮ ರಹಮತ್ ಬಿ ತೀರ್ಪು ಕೊಟ್ಟಾಗಿತ್ತು. ಮಧುಗಿರಿಯಲ್ಲಿ ತಂಗಿಯ ಮಗ ಅಕ್ರಂ ಕಂಪ್ಯೂಟರ್ ಅಂಗಡಿ ಇಟ್ಟಿರುವಾಗ ಹೊರಗಿನವರ ಹತ್ತಿರ ಹೋದರೆ ನಂಟರು ಏನಂದಾರು? ಅಕ್ರಂ ಕೂಡ ಒಳ್ಳೆಯವನೇ. “ಎಲ್ಲಾ ನನಗೆ ಬುಟ್ಬುಡು ಅಕ್ಕ” ಅಂದ. ಅಕ್ಕ ಬಿಟ್ಟೇಬಿಟ್ಟಳು. ಹೆಸರು ಅವನ ಫೋನ್ ನಂಬರಿನಲ್ಲಿ, ಜಾಗ ಅವನ ಖಾತೆಯಲ್ಲಿ. ನೆಂಟಸ್ತಿಕೆಯಲ್ಲಿ ಅದೇನು ನಿನ್ನದು ನನ್ನದು ಅಂತ ಕೇಳುವುದು?

ಅಂಗಡಿ ಚೆನ್ನಾಗಿಯೇ ನಡೆಯಿತು. ಶಾಜಿಯಾ ಅಪ್ಪನನ್ನು ಅಂಗಳದಲ್ಲಿ ಕೂರಿಸಿ ಬಿಲ್ಲು ಬಡಿಯುವ ವಿಡಿಯೊ ತೆಗೆದು ಅದರಲ್ಲಿ ಹಾಕಿದ್ದಳು. ಅದನ್ನು ನೋಡಿದವರು ಫೋನ್ ಮಾಡಿ “ಸಾಬರ ಹತ್ತಿರ ಮಾತಾಡಬಹುದಾ” ಅನ್ನುತ್ತಿದ್ದರು. ಹುಸೇನ್ ಸಾಬರು ಗಂಟಲು ಸರಿಮಾಡಿಕೊಂಡು ಫೋನ್ ಹಿಡಿದು, ಹಾಸಿಗೆಯನ್ನು ಯಾವಾಗ ಬಿಸಿಲಿಗೆ ಹಾಕಬೇಕು, ಮಕ್ಕಳು ಉಚ್ಚೆ ಹೊಯ್ದರೆ ಏನು ಮಾಡಬೇಕು ಅಂತ ಊರ ಪುರಾಣವನ್ನೆಲ್ಲ ಹೇಳುತ್ತಿದ್ದರು. ಮೆಟ್ಟಿಲ ಮೇಲೆ ಕೂರುವುದಕ್ಕೆ ಅವರಿಗೆ ಪುರುಸೊತ್ತೇ ಸಿಗಲಿಲ್ಲ.

ಹುಲಿಕುಂಟೆಯ ಚಿಕ್ಕಹನುಮಕ್ಕನಿಗೂ ಮೊಮ್ಮಗಳು ವೇದಾವತಿ ಆ ವಿಡಿಯೊ ತೋರಿಸಿದ್ದಳು. ಮುದುಕಿಗೆ ಅದು ದಿನದ ಅಭ್ಯಾಸವಾಯಿತು. ಮುದ್ದೆ ಉಂಡು ಎಲೆ ಅಡಿಕೆ ಹಾಕಿಕೊಂಡ ಮೇಲೆ “ಎಲ್ಲಿ, ಸಾಬ್ರ ತೋರ್ಸು” ಅನ್ನಬೇಕು, ವೇದಾವತಿ ತೋರಿಸಬೇಕು.

ಎಡವಟ್ಟಾದದ್ದು ಶಾಜಿಯಾಳ ತಂಗಿ ಶೀಬಾಳ ಮದುವೆಯಲ್ಲಿ. ಮದುವೆ ಕಾಲ ಅಂದರೆ ಹಾಸಿಗೆಗೂ ಸೀಜನ್ನು. ಕೊಟ್ಟಿಗೆ ತುಂಬ ಆರ್ಡರು, ಮನೆ ತುಂಬ ಮದುವೆ ಕೆಲಸ. ಶಾಜಿಯಾ ಮಧುಗಿರಿಗೆ ಹೋಗಿ ಕರೆಯುವುದನ್ನು ಬಿಟ್ಟು ಕಾರ್ಡಿನ ಫೋಟೊವನ್ನು ಅಕ್ರಂನಿಗೆ ವಾಟ್ಸಾಪ್ ಮಾಡಿದಳು. ನಮ್ಮ ಕಡೆ ನಂಟರನ್ನು ಮನೆಗೆ ಹೋಗಿ, ಕಾರ್ಡು ಕೈಗೆ ಕೊಟ್ಟು, ಎಲ್ಲರೂ ಬರಬೇಕು ಅಂತ ಹೇಳಿ, ಒಂದು ಲೋಟ ಚಾ ಕುಡಿದು ಬಂದರಷ್ಟೇ ಕರೆದಂತೆ. ಫೋಟೊ ಕಳಿಸಿದರೆ ಬರಬೇಡಿ ಅಂದಂತೆ. ಅಕ್ರಂ ಮದುವೆಗೆ ಬರಲಿಲ್ಲ. ಆಮೇಲೆ ಅವನ ಫೋನಿಗೆ ‘ಹೆಸರು ನವೀಕರಿಸಿ’ ಅನ್ನುವ ಸಂದೇಶಗಳು ಬಂದವು. ಅವನು ನೋಡಿದ, ಸುಮ್ಮನಾದ. ಕೇಡು ಬಯಸಿ ಅಲ್ಲ, ಬರೀ ಮುನಿಸು. ‘ಅವರಿಗೆ ನಾನು ಬೇಡ, ನನಗ್ಯಾಕೆ ಅವರ ಅಂಗಡಿ’ ಅನ್ನುವ ಮುನಿಸು.

ಒಂದು ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಬಿಳೀ ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷು, ಅಷ್ಟೇ. ಶಾಜಿಯಾ ಅಕ್ರಂನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದಳು. ಬಂದ ಆರ್ಡರುಗಳು ಬಂದ ದಾರಿ ಹಿಡಿದವು, ಫೋನು ತಣ್ಣಗಾಯಿತು. ಅಪ್ಪನಿಗೆ ಹೇಳಲಾರದೆ ಅವಳು ಒಳಗೊಳಗೇ ಒದ್ದಾಡಿದಳು. ಹುಸೇನ್ ಸಾಬರು ಮತ್ತೆ ಟೋಪಿ ಇಟ್ಟುಕೊಂಡು ಮೆಟ್ಟಿಲಿಗೆ ಬಂದು ಕೂತರು.

ಆ ವಾರವೇ ಹುಲಿಕುಂಟೆಯಿಂದ ಚಿಕ್ಕಹನುಮಕ್ಕ ವೇದಾವತಿಯನ್ನು ಕರೆದುಕೊಂಡು ಬಸ್ಸಿಳಿದಳು. ಓಣಿಯ ತಿರುವಿನಿಂದಲೇ ಅಳು ಶುರುವಾಗಿತ್ತು. ಸಾಬರು ಹಿತ್ತಿಲಲ್ಲಿದ್ದರು. ಮುದುಕಿ ಬಾಗಿಲಲ್ಲೇ ಕುಕ್ಕರಿಸಿ, “ಅಯ್ಯೋ ನನ್ನಪ್ಪ, ನಮ್ಮೂರ ಹಾಸ್ಗೆನೆಲ್ಲಾ ಕಲ್ಲು ಮಾಡಿ ಹೊಂಟೋದ್ಯಲ್ಲಪ್ಪ” ಅಂತ ರಾಗ ತೆಗೆದಳು. ಹುಸೇನ್ ಸಾಬರು ಬನಿಯನ್ನಿನಲ್ಲೇ, ಚಾ ಸಾಸರು ಹಿಡಿದು ಹೊರಗೆ ಬಂದರು.

“ಯಾರು, ಚಿಕ್ಕಹನುಮಕ್ಕನಾ? ಯಾಕಮ್ಮ ಅಳ್ತೀಯ, ಯಾರು ಹೋದ್ರು?”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ದಿಟ್ಟಿಸಿ ನೋಡಿದಳು. “ನೀನೇ ಕಣಪ್ಪ.”

ಅವಳದು ನೇರ ಲೆಕ್ಕ. ಜ್ವರ ಬಂದರೂ ಊರು ತಪ್ಪಿಸದ ಮನುಷ್ಯ. ಅಂಥವನ ಅಂಗಡಿ ಮುಚ್ಚಿದೆ ಅಂತ ಮೊಮ್ಮಗಳು ಹೇಳಿದರೆ ಅದಕ್ಕೆ ಇರುವುದು ಒಂದೇ ಅರ್ಥ. ವೇದಾವತಿ ಎಷ್ಟು ಬಿಡಿಸಿ ಹೇಳಿದರೂ ಕೇಳದೆ ಬಸ್ಸು ಹತ್ತಿದ್ದಳು. ಬದುಕಿದ್ದಾನೆ ಅಂತ ಗೊತ್ತಾದ ಮೇಲೆ ನಗು, ಮತ್ತೆ ಅಳು, ಆಮೇಲೆ ಬೈಗುಳ. ಊಟ ಮಾಡಿಸದೆ ರಹಮತ್ ಬಿ ಅವರನ್ನು ಕಳಿಸಲಿಲ್ಲ.

ಅವರಿಬ್ಬರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಸಾಬರು ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂತರು. “ನಾನು ಸತ್ತೆ ಅಂತ ಒಬ್ಳು ಬಸ್ ಹತ್ಕೊಂಡು ಬಂದ್ಳು. ಸಾಕು ನಂಗೆ. ಆದ್ರೆ ಶಾಜಿ, ಇನ್ನೂ ಇದೀನಲ್ಲಮ್ಮ, ಅಂಗ್ಡಿ ಯಾಕೆ ಮುಚ್ತು?” ಅಂದರು. ಶಾಜಿಯಾ ಎಲ್ಲವನ್ನೂ ಹೇಳಿದಳು.

ಆಗ ಅವರು ಹೇಳಿದ್ದು ರಹಮತ್ ಬಿಯನ್ನು ವರ್ಷಗಟ್ಟಲೆ ಉರಿಸಿದ್ದ ಸಂಗತಿ. ಮದಲೂರಿನಲ್ಲಿ ಅವಳ ಅಣ್ಣನ ಮನೆಯೇ ಇದ್ದರೂ ಸುತ್ತಾಟದ ದಿನಗಳಲ್ಲಿ ಸಾಬರು ಬಿಲ್ಲನ್ನೂ ಹತ್ತಿಯನ್ನೂ ಇಡುತ್ತಿದ್ದುದು ಅದೇ ಊರಿನ ಓಬಳಯ್ಯ ಅನ್ನುವವನ ಜಗುಲಿಯಲ್ಲಿ. “ನೆಂಟ್ರ ಮನೇಲಿ ಸಾಮಾನು ಇಟ್ರೆ, ಹೆಂಗೈತೆ ಅಂತ ಕೇಳಂಗಿಲ್ಲ, ವಾಪಸ್ ಕೊಡಿ ಅನ್ನಂಗಿಲ್ಲ. ಅವ್ರು ಮುನಿಸ್ಕಂಡ್ರೆ ಬಿಲ್ಲೂ ಮುನಿಸ್ಕಂಡಂಗೆ. ಓಬಳಯ್ಯಂಗೆ ಬಾಡಿಗೆ ಕೊಡ್ತಿದ್ದೆ, ಜೋರಾಗಿ ಕೇಳ್ತಿದ್ದೆ.” ರಹಮತ್ ಬಿ ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಶಾಜಿಯಾ ಬಾಡಿಗೆಯ ಜಗುಲಿ ಹುಡುಕಲು ಕೂತಳು. ಜಾಹೀರಾತು ನೋಡಿದರೆ ಎಲ್ಲರೂ ಸತ್ಯಹರಿಶ್ಚಂದ್ರರೇ. ಅದಕ್ಕೆ ಅವಳು ಬೇಕಂತಲೇ ಹೊತ್ತಲ್ಲದ ಹೊತ್ತಿನಲ್ಲಿ, ಭಾನುವಾರ, ಹಬ್ಬದ ದಿನ ಫೋನ್ ಮಾಡಿದಳು. ಒಂದು ಕಂಪನಿಯವರು ಬರೀ ಸಂಗೀತ ಕೇಳಿಸಿದರು. ಇನ್ನೊಂದರ ಹುಡುಗ ಸ್ಪೀಕರಿನಲ್ಲಿ “ಚಾಚಾ, ಚಾಚಾ” ಅಂತ ಬೆಣ್ಣೆಯಂತೆ ಮಾತಾಡಿದ. ಹುಸೇನ್ ಸಾಬರು ಅಲ್ಲೇ ಮರುಳಾಗಿ, ಇವನೇ ಇರಲಿ ಅಂದರು. ಶಾಜಿಯಾ ಒಪ್ಪಲಿಲ್ಲ. ಮೊದಲ ವರ್ಷಕ್ಕೆ ಅಗ್ಗವಾಗಿ ಕೊಟ್ಟು, ಎರಡನೇ ವರ್ಷದ ಬಾಡಿಗೆ ಎಷ್ಟು ಅಂತ ಕೇಳಿದರೆ ಮಾತು ತೇಲಿಸುತ್ತಿದ್ದ ಅವನು. ಕೊನೆಗೆ ಒಬ್ಬಳು ಹೆಂಗಸು ಹರುಕುಮುರುಕು ಕನ್ನಡದಲ್ಲಿ ಫೋನ್ ಎತ್ತಿದಳು. ದಿನಾ ಅಂಗಡಿಯ ಒಂದು ನಕಲು ತೆಗೆದಿಡುತ್ತೀರಾ? ಇಡುತ್ತೇವೆ. ಕೆಟ್ಟರೆ ಎಷ್ಟು ಹೊತ್ತಿಗೆ ಸರಿಮಾಡುತ್ತೀರಿ? ಯಾವತ್ತೂ ಕೆಡುವುದಿಲ್ಲ ಅಂತ ಹೇಳಲಾರೆ, ಕೆಟ್ಟರೆ ಫೋನ್ ಎತ್ತುತ್ತೇನೆ. ಮುಂದೆ ನಿಮ್ಮನ್ನು ಬಿಟ್ಟು ಹೋಗುತ್ತೇನೆ ಅಂದರೆ ಸಾಮಾನು ಕೊಡುತ್ತೀರಾ? ಆ ಹೆಂಗಸು ನಕ್ಕು, “ನಿಮ್ಮದಲ್ವಾ ಮೇಡಂ” ಅಂದಳು. ಶಾಜಿಯಾ ಅಲ್ಲಿ ಜಾಗ ಹಿಡಿದಳು, ಈ ಸಲ ಎಲ್ಲವೂ ತನ್ನದೇ ನಂಬರಿನಲ್ಲಿ.

ಜಾಗ ಸಿಕ್ಕಿತು, ಹೆಸರು ಮಾತ್ರ ಇನ್ನೂ ಅಕ್ರಂನ ಕೈಯಲ್ಲಿ. ಅವನು ಬೇಗ ಮನಸ್ಸು ಮಾಡದಿದ್ದರೆ ಅಪ್ಪನ ಹೆಸರನ್ನು ಯಾರೋ ದಾರಿಹೋಕ ಕೊಂಡುಬಿಡಬಹುದಿತ್ತು. ಹುಸೇನ್ ಸಾಬರು ಒಂದು ಕಾರ್ಡನ್ನು ಜೇಬಿಗಿಟ್ಟುಕೊಂಡು ಮಗಳ ಜೊತೆ ಮಧುಗಿರಿ ಬಸ್ಸು ಹತ್ತಿದರು. ಅಕ್ರಂ ಬಾಗಿಲು ತೆರೆದಾಗ, ಆಗಿಹೋದ ಮದುವೆಯ ಆ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, “ಶೀಬಾನ ಮದುವೆ ಐತೆ ಕಣಪ್ಪ, ಮನೆಮಂದಿಯೆಲ್ಲಾ ಬರ್ಬೇಕು” ಅಂದರು. ಅಕ್ರಂನ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಕ್ರಂನಿಗೆ ನಗುವುದೋ ತಲೆ ತಗ್ಗಿಸುವುದೋ ತಿಳಿಯಲಿಲ್ಲ. ಚಾ ಬಂತು. ಲೋಟ ಖಾಲಿಯಾಗುವುದರೊಳಗೆ ಹೆಸರು ನವೀಕರಣವಾಗಿ ಶಾಜಿಯಾಳಿಗೆ ವರ್ಗವಾಯಿತು.

ಅಲ್ಲಿಂದ ಮುಂದೆ ಅಂಗಡಿ ಮುಚ್ಚಿದ್ದಿಲ್ಲ. ಸಾಬರು ಮತ್ತೆ ಫೋನಿನಲ್ಲಿ ಪುರಾಣ ಹೇಳಿದರು, ಕೆಮ್ಮಿದರು, ಮತ್ತೆ ಹೇಳಿದರು. ಹೋದ ಮಾಗಿಯಲ್ಲಿ ಆ ಕೆಮ್ಮೇ ಅವರನ್ನು ಕರೆದುಕೊಂಡು ಹೋಯಿತು. ಶಾಜಿಯಾ ಅಂಗಡಿ ಮುಚ್ಚಲಿಲ್ಲ, ಮುಚ್ಚುವುದು ಅವಳಿಂದಾಗಲಿಲ್ಲ.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ವೇದಾವತಿ ಫೋನ್ ಮಾಡಿದಳು. “ಅಕ್ಕ, ಅಜ್ಜಿ ನಂಬ್ತಾನೇ ಇಲ್ಲ. ಹೋದ್ಸಲನೂ ಹಿಂಗೇ ಅಂದ್ಕಂಡಿದ್ದೆ, ಈಗ ಅಂಗ್ಡಿ ತೆಗ್ದೈತಲ್ಲ ಅಂತಾಳೆ. ನೀವೇ ಬಂದು ಹೇಳಿ.”

ಶಾಜಿಯಾ ಹುಲಿಕುಂಟೆಗೆ ಹೋದಳು. ಅಂಗಳದಲ್ಲಿ ಚಾಪೆ ಹಾಸಿತ್ತು. ಹಾಸಿಗೆ ಬಿಚ್ಚಿ, ಗಟ್ಟಿಯಾದ ಹತ್ತಿಯನ್ನೆಲ್ಲ ಸುರಿದುಕೊಂಡು ಮುದುಕಿ ಕಾಯುತ್ತಿದ್ದಳು.

“ಒಬ್ಳೇ ಬಂದ್ಯಾ? ಸಾಬ್ರೆಲ್ಲಿ?”

ಶಾಜಿಯಾ ಚಪ್ಪಲಿ ಬಿಟ್ಟು ಹತ್ತಿರ ಬಂದಳು. “ನಮ್ಮಬ್ಬಾ ಇಲ್ಲ ಕಣಜ್ಜಿ. ಈ ಸಲ ನಿಜವಾಗ್ಲೂ ಇಲ್ಲ.”

“ಬೆಳಿಗ್ಗೆ ನೋಡಿವ್ನಿ. ಅಂಗ್ಡಿ ತೆಗ್ದಿತ್ತು.”

“ತೆಗ್ದಿರೋಳು ನಾನು.”

ಮುದುಕಿ ಅವಳ ಮುಖವನ್ನೇ ನೋಡಿದಳು. ಈ ಸಲ ರಾಗ ತೆಗೆಯಲಿಲ್ಲ, ಆ ಅಳುವನ್ನೆಲ್ಲ ಅವಳು ಹಿಂದೆಯೇ ಶಿರಾದ ಬಾಗಿಲಲ್ಲಿ ಅತ್ತು ಮುಗಿಸಿದ್ದಳು. ಹತ್ತಿಯಲ್ಲಿ ಅರ್ಧವನ್ನು ಶಾಜಿಯಾಳ ಕಡೆ ನೂಕಿದಳು. “ಅಂಗಾದ್ರೆ ಕೂತ್ಕ. ಬಿಸ್ಲು ಹೋಗೋದ್ರೊಳಗೆ ಬಿಡಿಸ್ಬೇಕು.”

ಶಾಜಿಯಾ ಅಪ್ಪನ ಬಿಲ್ಲು ತರದೆ ಬರಿಗೈಯಲ್ಲಿ ಬಂದಿದ್ದಳು. ಇಬ್ಬರೂ ಬೆರಳಿನಲ್ಲೇ ಗಂಟು ಬಿಡಿಸುತ್ತ ಕೂತರು. ಅಪ್ಪ ಹೋದ ದಿನದಿಂದ ಫೋನ್ ಎತ್ತುತ್ತಲೇ ಇದ್ದ ಅವಳಿಗೆ ಅಳುವುದಕ್ಕೆ ಪುರುಸೊತ್ತು ಸಿಕ್ಕಿದ್ದು ಆ ಅಂಗಳದಲ್ಲಿ. ಚಿಕ್ಕಹನುಮಕ್ಕ ಅವಳನ್ನು ಅವಳ ಪಾಡಿಗೆ ಅಳಲು ಬಿಟ್ಟು ಹತ್ತಿ ಬಿಡಿಸುತ್ತಿದ್ದಳು.