ನೆಗಡಿ ವೈರಸ್ಸಿಗೆ ನಾನು ಕಟ್ಟಿದ ಗಂಟು

ಇಳಕಲ್ಲಿನ ಇಷ್ಟು ಮಂದಿ ನೇಕಾರರಲ್ಲಿ ವೈರಸ್ಸಿನ ಔಷಧಕ್ಕೆ ಕೈಹಾಕಿದವನು ನಾನೊಬ್ಬನೇ. ನಗುವವರು ಆಮೇಲೆ ನಗಲಿ, ಮೊದಲು ಕೇಳಲಿ.

ಚೀನಾ ಕಡೆ ಸಾರ್ಸ್ ಎಂಬ ಉಸಿರಾಟದ ರೋಗ ಎದ್ದು, ಪೇಪರಿನ ತುಂಬ ಬಾಯಿಗೆ ಬಟ್ಟೆ ಕಟ್ಟಿಕೊಂಡವರ ಫೋಟೋ ಬಂದವಲ್ಲ, ಅದರ ಮರುವರ್ಷ ನನ್ನ ಅಕ್ಕನ ಮಗಳು ರಜೆಗೆ ನಮ್ಮ ಮನೆಗೆ ಬಂದಳು. ದೂರದ ಊರಿನ ಪ್ರಯೋಗಾಲಯದಲ್ಲಿ ಕೊರೊನಾ ಜಾತಿಯ ವೈರಸ್ಸಿಗೆ ಔಷಧ ಹುಡುಕುವುದು ಅವಳ ಕೆಲಸ. ಸಾರ್ಸಿನ ವೈರಸ್ಸನ್ನು ಮುಟ್ಟಲು ಪರವಾನಗಿ ಇರಲಿಲ್ಲ. ಅದರ ಸಂಬಂಧಿ, ಬರೀ ನೆಗಡಿ ತರುವ ಬಡಪಾಯಿಯೊಂದನ್ನು ತಟ್ಟೆಯಲ್ಲಿ ಸಾಕಿಕೊಂಡಿದ್ದಳು.

"ನೆಗಡಿಗೆ ನಿಮ್ಮಜ್ಜಿ ಮೆಣಸಿನ ಕಷಾಯ ಮಾಡತಿದ್ಲು. ಒಂದ ತಾಸಿನ ಕೆಲಸ. ನೀ ವರ್ಷಗಟ್ಲೆ ಏನ ಮಾಡಾಕತ್ತೀಬೇ?" ಎಂದು ಕೆಣಕಿದೆ.

"ಕಷಾಯಕ್ಕ ವೈರಸ್ ಸಾಯೂದಿಲ್ಲ ಮಾಮಾ. ಕುಡಿಯೂತನಕ ನಿನ್ನ ಬಾಯಿ ಬಂದ್ ಇರತೈತಿ, ಅಷ್ಟ."

ಬಾಯಿ ಜೋರಿದ್ದರೂ ಮುಖ ಸಪ್ಪಗಿತ್ತು. ಅವಳು ಅಕ್ಷರಕ್ಕೆ ಅಕ್ಷರ ಬರೆದುಕೊಟ್ಟು ಮಾಡಿಸಿದ್ದ ಮೊದಲ ಔಷಧದ ಡಿಎನ್‌ಎ ತುಂಡುಗಳು ಒಂದೂ ಕೆಲಸ ಮಾಡಿರಲಿಲ್ಲ. ಇನ್ನೊಂದೇ ಸಲ ಮಾಡಿಸೋಣ, ಅದೂ ಕೆಟ್ಟರೆ ಈ ವಿಷಯ ಬಿಟ್ಟು ಬೇರೆ ಹಿಡಿ ಎಂದು ಅವಳ ಸಂಶೋಧನೆಯ ಗೈಡು ಹೇಳಿದ್ದರಂತೆ. ಹೊಸ ತುಂಡುಗಳ ಪಟ್ಟಿಯನ್ನು ಆವತ್ತು ಸಂಜೆ ಗೈಡು ಅವನ್ನು ಮಾಡಿಕೊಡುವ ಹೊರದೇಶದ ಕಂಪನಿಗೆ ಕಳಿಸುವುದಿತ್ತು.

ನಾನು ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕುತ್ತ ಕೂತಿದ್ದೆ. "ಒಂದ ಎಳಿ ತಪ್ಪಿದ್ರೂ ನನ್ನ ಕಣ್ಣಿಗೆ ಬೀಳತೈತಿ. ನಿನ್ನ ಔಷಧ ಹೆಂಗ ಜೋಡಸ್ತಿ, ತೋರಸು" ಎಂದೆ.

ಅವಳು ಎರಡು ದಾರ ತೆಗೆದುಕೊಂಡು ಬಣ್ಣದ ಎಳೆಗಳ ಗಂಟು ಹಾಕಿದಳು, ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣ. ಉದ್ದನೆಯದು ವೈರಸ್ಸಿನ ಆರ್‌ಎನ್‌ಎ, ಅಂದರೆ ಅದು ತನ್ನ ಸಂತಾನ ಬೆಳೆಸಲು ಬರೆದಿಟ್ಟುಕೊಂಡ ಓಲೆ. ಗಿಡ್ಡನೆಯದು ಇವಳ ಡಿಎನ್‌ಎ ತುಂಡು. ಕೆಂಪಿನ ಎದುರು ಬಿಳಿ, ಹಸಿರಿನ ಎದುರು ಹಳದಿ ಹೊಂದಿಕೊಂಡು ಓಲೆಗೆ ಅಂಟಿದರೆ, ಆ ಓಲೆಯನ್ನು ಓದುವವರಿಲ್ಲ, ವೈರಸ್ಸು ಹೆಚ್ಚುವಂತಿಲ್ಲ. ಎರಡು ದಾರಕ್ಕೂ ತಲೆ ಬಾಲ ಉಂಟು. ಒಂದರ ತಲೆ ಎಡಕ್ಕಿದ್ದರೆ ಇನ್ನೊಂದರದು ಬಲಕ್ಕಿರಬೇಕು. ತಲೆಯ ಗುರುತಿಗೆ ಕಪ್ಪು ಎಳೆ ಕಟ್ಟಿ, ಚಹಾ ತರಲು ಒಳಗೆ ಹೋದಳು.

ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಗಿಡ್ಡ ದಾರದ ಕಪ್ಪು ಎಳೆ ಬಿಚ್ಚಿ ಆ ಕಡೆಯ ತುದಿಗೆ ಕಟ್ಟಿದೆ.

"ಏನೋ ಮಾಡೇನಿ. ಹುಡುಕ ನೋಡೂಣು!" ಎಂದೆ, ಅವಳು ಚಹಾ ತಂದಿಟ್ಟ ಕೂಡಲೇ.

ಬಣ್ಣಗಳನ್ನು ಎರಡು ಸಲ ಎಣಿಸಿದಳು. ಎಲ್ಲ ಸರಿಯಿತ್ತು. "ಏನೂ ಮಾಡಿಲ್ಲ, ಬರೇ ಸುಳ್ಳ ನಿಂದು."

"ಇಷ್ಟ ಓದಿ ಏನ ಮಾಡೀಬೇ!"

ಮತ್ತೆ ಬಗ್ಗಿ ನೋಡಿದಳು. "ಅಯ್ಯ, ತಲಿ ಬದಲಿ ಮಾಡೀಯಲ್ಲೋ ಮಾಮಾ! ಹಿಂಗಿದ್ರ ಅಂಟೂದ ಇಲ್ಲ..." ಎಂದವಳು ಧಡಕ್ಕನೆ ಎದ್ದಳು. ಓಡಿಹೋಗಿ ಚೀಲದಿಂದ ಪಟ್ಟಿಯ ನಕಲು ತಂದಳು. ಅದರಲ್ಲಿನ ನಾಲ್ಕು ತುಂಡುಗಳನ್ನೂ ಹೀಗೇ ಬರೆದಿದ್ದಳು: ಅಕ್ಷರಗಳೆಲ್ಲ ಸರಿ, ತಲೆ ಬಾಲ ಮಾತ್ರ ಅದಲುಬದಲು. ಮೊದಲ ಸಲದ್ದೂ ಹಾಗೇ.

ಚಹಾ ಆರಿತು. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಇಬ್ಬರೂ ಓಡಿದೆವು. ಗೈಡು ಸಿಕ್ಕರು, ಪಟ್ಟಿ ಇನ್ನೂ ಹೋಗಿರಲಿಲ್ಲ. ಪ್ರತಿ ಸಾಲನ್ನೂ ಬಾಲದಿಂದ ತಲೆಗೆ ಓದಿದರೆ ಸಾಕಿತ್ತು, ಆದರೆ ಅವಸರಕ್ಕೆ ಅವಳು ಮತ್ತೆ ಮತ್ತೆ ಸಾಲು ತಪ್ಪಿಸುತ್ತಿದ್ದಳು. ಹಾಳೆಯನ್ನು ನಾನೇ ಕಸಿದುಕೊಂಡೆ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಹಿಂದಿನಿಂದ ಓದಿದೆ, ಅವಳು ಫೋನಿಗೆ ಹೇಳಿದಳು. "ಜಿ, ಟಿ, ಟಿ, ಎ..." ಬೂತಿನವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನಡುವೆ ಒಂದೇ ಒಂದು ತಪ್ಪು ಅಕ್ಷರ ತೂರಿಸಲು ನಾಲಿಗೆ ಎಷ್ಟು ತುರಿಸಿತೆಂದು ದೇವರಿಗೇ ಗೊತ್ತು. ತೂರಿಸಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ನೆಟ್ಟಗಿದ್ದದ್ದು ಅದೊಂದೇ ಸಲ.

ಕೆಲವು ತಿಂಗಳಾದ ಮೇಲೆ ಪಕ್ಕದ ಮನೆಗೆ ಅವಳ ಫೋನು ಬಂತು. ತಟ್ಟೆಯ ನೆಗಡಿ ವೈರಸ್ಸನ್ನು ಎರಡು ತುಂಡುಗಳು ಚೆನ್ನಾಗಿ ತಡೆದಿದ್ದವು, ಇನ್ನೆರಡು ಸುಮ್ಮನೆ ಕೂತಿದ್ದವು. ಮನುಷ್ಯರ ಔಷಧವಾಗಲು ಇನ್ನೂ ಭಾಳ ದೂರವಿತ್ತು. ಆದರೆ ವಿಷಯ ಅವಳ ಕೈಯಲ್ಲೇ ಉಳಿಯಿತು.

"ಆ ಎರಡ ಯಾಕ ಸುಮ್ನ ಕೂತುವು?" ಎಂದೆ.

"ಗೊತ್ತಿಲ್ಲ ಮಾಮಾ. ಅದನ್ನ ಹುಡುಕಾಕತ್ತೇನಿ."

"ನಾ ಓದಿದ್ದು ಸರಿ ಇತ್ತ ನೋಡ. ನೀನ ಫೋನಿನ್ಯಾಗ ತಪ್ಪ ಹೇಳಿರಬೇಕು."

ಅವಳು ಫೋನು ಇಟ್ಟೇಬಿಟ್ಟಳು.