ಹೊಸ್ತಿಲ ಮೇಲೆ ನಿಂತು ಹೇಳಿದ ವರದಿ

2019ರ ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂಕಾಲಕ್ಕೆ, ಅಜ್ಜಂಪುರದ ನನ್ನ ಕ್ಲಿನಿಕ್ಕಿನಲ್ಲಿ ಸ್ಕ್ಯಾನಿಂಗ್ ಕೋಣೆಯ ಹೊಸ್ತಿಲ ಮೇಲೆ ನಿಂತಿದ್ದೆ. ಎದುರಿನ ಬೆಂಚಿನಲ್ಲಿ ಆರು ಜನ ಕಾಯುತ್ತಿದ್ದರು. ನನ್ನ ಕೈಯಲ್ಲಿದ್ದುದು ಇಪ್ಪತ್ತಾರು ವರ್ಷದ ಹೆಣ್ಣುಮಗಳೊಬ್ಬಳ ವರದಿ. ಅವಳನ್ನು ಶೋಭಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಸಖರಾಯಪಟ್ಟಣದ ಮಗಳು, ಅಜ್ಜಂಪುರದ ಸೊಸೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು.

ನಮ್ಮಲ್ಲಿ ವರದಿಯನ್ನು ಸೊಸೆಯ ಕೈಗೆ ಕೊಡುವ ರೂಢಿಯಿರಲಿಲ್ಲ. ಕರೆತಂದ ಹಿರಿಯರಿಗೆ ಕೊಡುತ್ತಿದ್ದೆವು. ಇಪ್ಪತ್ತೆಂಟು ವರ್ಷ ನಾನೂ ಹಾಗೇ ಮಾಡಿದ್ದೆ. ಶೋಭಾ ಇನ್ನೂ ಒಳಗೆ ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ನಾನು ಹೊಸ್ತಿಲಿಂದಲೇ, ಎದುರಿಗೆ ನಿಂತಿದ್ದ ಅವಳ ಅತ್ತೆಗೆ ಹೇಳಿದೆ: "ಪಿಸಿಒಎಸ್ ಅಂತಾರಮ್ಮ. ಎರಡೂ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ಇವೆ. ಮಕ್ಕಳಾಗೋದು ಕಷ್ಟ."

"ಅಂಗಾದ್ರೆ ಬಂಜೆ ಅನ್ನಿ," ಎಂದರು ಆಕೆ, ಬೆಂಚಿನ ಕಡೆ ತಿರುಗಿ. "ನಾಕು ವರ್ಸದಿಂದ ನಾನು ಬಡ್ಕೋತಾನೇ ಇದೀನಿ."

"ಹಾಗಲ್ಲಮ್ಮ, ಮಾತ್ರೆ ಬರೀತೀನಿ," ಎಂದೆ. ಅಷ್ಟೇ. ಮುಂದಿನವರ ಹೆಸರು ಕೂಗಿಸಿದೆ.

ಅವರು ಹೋದ ಮೇಲೆ ನರ್ಸ್ ಜಯಮ್ಮ ಕೇಳಿದರು: "ಸಾರ್, ಗಂಡಂಗೆ ಟೆಸ್ಟ್ ಬರೀಲಿಲ್ವಲ್ಲ?"

ಮಕ್ಕಳಾಗದೆ ಬಂದವರಲ್ಲಿ ಇಬ್ಬರಿಗೂ ಒಟ್ಟಿಗೆ ಪರೀಕ್ಷೆ ಮಾಡಿಸಬೇಕು. ನನಗದು ಗೊತ್ತಿತ್ತು. ಆದರೆ ಆ ಮನೆಯ ಯಜಮಾನರು ಮಠದ ಕಾರ್ಯಗಳಲ್ಲಿ ನನ್ನ ಪಕ್ಕ ಕೂರುವವರು. ಅವರ ಮಗನಿಗೆ ವೀರ್ಯ ಪರೀಕ್ಷೆ ಬರೆಯಲು ಕೈ ಬರಲಿಲ್ಲ. "ಅಂಥಾ ಮನೆಯೋರಿಗೆ ಹೆಂಗಮ್ಮ ಹೇಳೋದು?" ಎಂದೆ.

ಎರಡು ವಾರದಲ್ಲಿ ಶೋಭಾಳನ್ನು ತವರಿಗೆ ಕಳಿಸಿದರು. ಮಗನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿ ಬಂತು. ಆಗಲೂ ನಾನು ಸುಮ್ಮನಿದ್ದೆ.

ಸೆಪ್ಟೆಂಬರಿನಲ್ಲಿ ಅವಳು ಒಬ್ಬಳೇ ಬಂದಳು. ಕಡೂರು, ಬೀರೂರಿನಲ್ಲಿ ಬಸ್ಸು ಬದಲಿಸಿಕೊಂಡು. ಅತ್ತೆ ಬಟ್ಟೆಬರೆಯ ಜೊತೆ ವರದಿಯನ್ನೂ ಕಳಿಸಿದ್ದರಂತೆ. ಅದನ್ನು ಮೇಜಿನ ಮೇಲಿಟ್ಟಳು.

"ಇದ್ರಾಗೆ ಮಕ್ಕಳಾಗಲ್ಲ ಅಂತ ಎಲ್ಲಿ ಬರ್ದೈತೆ ತೋರ್ಸಿ ಸಾರ್. ನಾನು ಮೂರು ಸಲ ಓದ್ದೆ."

ಎಲ್ಲೂ ಬರೆದಿರಲಿಲ್ಲ. ಜೂನಿನಲ್ಲಿ ಹೇಳಬೇಕಾದ್ದನ್ನು ಆಗ ಹೇಳಿದೆ. ಆ ಗುಳ್ಳೆಗಳು ಗಡ್ಡೆಗಳಲ್ಲ, ಅಂಡ ಬೆಳೆಯುವ ಪುಟ್ಟ ಚೀಲಗಳು. ಹಾರ್ಮೋನಿನ ಏರುಪೇರಿನಿಂದ ಅರ್ಧಕ್ಕೆ ನಿಂತಿರುತ್ತವೆ. ಅಂಡ ತಿಂಗಳು ತಿಂಗಳು ಬಿಡುಗಡೆಯಾಗದ್ದರಿಂದ ಮುಟ್ಟು ತಪ್ಪುತ್ತದೆ, ಬಸಿರು ತಡವಾಗುತ್ತದೆ. ತಡವಾಗುತ್ತದೆ ಎಂದರೆ ಆಗುವುದೇ ಇಲ್ಲ ಎಂದಲ್ಲ. ತೂಕ ಹೆಚ್ಚಿದ್ದರೆ ಇಳಿಸಿ, ಅಂಡ ಬಿಡುಗಡೆ ಮಾಡಿಸುವ ಮಾತ್ರೆ ತೆಗೆದುಕೊಂಡು ತಾಯಂದಿರಾದ ಎಷ್ಟೋ ಜನರನ್ನು ನಾನೇ ಕಂಡಿದ್ದೇನೆ.

ಪೂರ್ತಿ ಕೇಳಿ ಅವಳು ಹೇಳಿದ್ದು ಒಂದೇ ಮಾತು: "ಅಂಗಾದ್ರೆ ಅವ್ರಿಗೂ ಟೆಸ್ಟ್ ಬರೀರಿ."

ಬರೆದೆ. ಗಂಡನಿಗೆ ನಾನೇ ಫೋನ್ ಮಾಡಿ ಕರೆಸಿ, ಪರೀಕ್ಷೆ ಮಾಡಿಸಿದೆ.

ಹತ್ತು ದಿನದ ಮೇಲೆ ಗಂಡ, ಅತ್ತೆ, ಶೋಭಾ ಮೂವರೂ ಅದೇ ಬೆಂಚಿನಲ್ಲಿದ್ದರು. ಗಂಡನನ್ನು ಒಳಗೆ ಕರೆದೆ. ಬಾಗಿಲು ಹಾಕಿ, ಕೂರಿಸಿ, ನೀರು ಕೊಟ್ಟು, ದನಿ ತಗ್ಗಿಸಿ ಹೇಳಿದೆ: ವೀರ್ಯಾಣುಗಳು ತೀರಾ ಕಡಿಮೆಯಿವೆ.

ಹೊರಗೆ ಬಂದಾಗ ಅತ್ತೆ ಎದ್ದು ನಿಂತರು. "ನಮ್ ಹುಡುಗಂಗೇನಿಲ್ಲ ತಾನೆ ಡಾಕ್ಟ್ರೇ?"

"ಅದನ್ನ ಅವರೇ ಹೇಳಬೇಕಮ್ಮ."

ಅವನು ನೆಲ ನೋಡುತ್ತಿದ್ದ. ಶೋಭಾ ನನ್ನನ್ನೇ ನೋಡಿದಳು.

"ಅವ್ರಿಗೆ ಬಾಗ್ಲು ಹಾಕಿದ್ರಲ್ಲ ಸಾರ್. ನಂಗ್ಯಾಕೆ ಹಾಕ್ಲಿಲ್ಲ?"

ಜಯಮ್ಮ ಅಲ್ಲೇ ನಿಂತಿದ್ದರು. ಆ ಬಾಗಿಲು ಹಾಕಿದ್ದು ನನ್ನ ಗಮನಕ್ಕೂ ಬಂದಿರಲಿಲ್ಲ.

ಮುಂದಿನ ವಾರ ಗಂಡನೇ ಸಖರಾಯಪಟ್ಟಣಕ್ಕೆ ಹೋಗಿ ಕರೆದ. ಅವಳು ಬರಲಿಲ್ಲ. ಈಗ ಕಡೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಇದನ್ನು ಬರೆಯಲೇ ಎಂದು ಇಬ್ಬರನ್ನೂ ಕೇಳಿದೆ. ಅವನು ಆಗಲಿ ಎಂದ. ಅವಳು, "ಬರೀರಿ. ಬಾಗ್ಲು ವಿಷ್ಯ ಬಿಡಬ್ಯಾಡಿ," ಎಂದಳು.

ವರದಿ ಯಾರದೋ ಅವರ ಕೈಗೇ, ಬಾಗಿಲು ಹಾಕಿಯೇ ಕೊಡಬೇಕು. ಅಲ್ಲಿಂದಾಚೆ ಕ್ಲಿನಿಕ್ ಮುಚ್ಚುವವರೆಗೂ ಹಾಗೇ ಮಾಡಿದೆ. ಇಷ್ಟು ಕಲಿಯಲು ನನಗೆ ಒಬ್ಬಳ ಸಂಸಾರ ಬೇಕಾಯಿತು.

ಅತ್ತೆ ತೀರಿಕೊಂಡರು. ಜಯಮ್ಮ ತರೀಕೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವರು ತಿದ್ದಬಲ್ಲರು. ಆ ಮಂಗಳವಾರ ಬೆಂಚಿನ ಮೇಲಿದ್ದ ಆರು ಜನರೂ ಅಜ್ಜಂಪುರದಲ್ಲೇ ಇದ್ದಾರೆ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಾರೆ. ನಾನು ಅಂದು ಹೇಳಿದ್ದು ಸರಿಯಲ್ಲವೆಂದು ಅವರಲ್ಲಿ ಒಬ್ಬರಿಗೂ ಇನ್ನೂ ಹೇಳಿಲ್ಲ.