ಕೊರೆಯದೆ ಬಿಟ್ಟ ಹುತ್ತ
ಜಾಂಬಿಯಾದ ಹಳೆ ಸೀಸದ ಗಣಿಯ ಕಾಲೊನಿಯಲ್ಲಿ ಮಣ್ಣಿನ ಪರೀಕ್ಷೆಗೆ ಬೋರು ಕೊರೆಯುವ ಕಪೆಂಬ್ವಾನಷ್ಟು ಮಡಿವಂತ ಇನ್ನೊಬ್ಬನಿಲ್ಲ. ಒಂದು ಗುಂಡಿಯ ಮಣ್ಣು ಇನ್ನೊಂದಕ್ಕೆ ಸೋಕಬಾರದೆಂದು ಬೈರಿಗೆಯನ್ನು ದೇವರ ಪಾತ್ರೆಯಂತೆ ತಿಕ್ಕಿ ತೊಳೆಯುತ್ತಾನೆ. ಮಣ್ಣು ತುಂಬಿದ ಗಾಜಿನ ಭರಣಿಗಳನ್ನು ಐಸ್ ಪೆಟ್ಟಿಗೆಯಲ್ಲಿ ಹಸುಗೂಸಿನಂತೆ ಮಲಗಿಸುತ್ತಾನೆ. ನೊಣ ಕೂತರೂ ಚೆಲ್ಲಿ ಮತ್ತೆ ಕೊರೆಯುತ್ತಾನೆ. ನೀರಿಗೆ ಬಂದ ಹೆಂಗಸರು, “ಕಪೆಂಬ್ವಾ ಅವ್ರೇ, ಹೆಂಡ್ತೀನೂ ಹಿಂಗೇ ಐಸಲ್ಲಿ ಇಟ್ಟಿದ್ದೀರಾ?” ಎಂದು ಕಾಲೆಳೆದರೆ, “ಅವ್ಳೇ ನನ್ನ ಇಟ್ಟವ್ಳೆ ಕಣವ್ವಾ!” ಎಂದು ನಗುತ್ತಾನೆ. ಆದರೆ ಬಸುರಿಯೊಬ್ಬಳು ಎಲ್ಲರಂತೆ ಬಯಕೆಗೆಂದು ಹುತ್ತದ ಮಣ್ಣು ಮುರಿದು ಬಾಯಿಗಿಟ್ಟರೆ ಸಾಕು, ಆ ನಗು ಹಾರಿಹೋಗುತ್ತದೆ. “ಉಗಿಯೇ, ಉಗಿ! ಸೀಸ ಐತೆ ಅದ್ರಲ್ಲಿ!” ಎಂದು ಗದರಿ, ಬಾಯಿ ಮುಕ್ಕಳಿಸಲು ತಾನು ಕುಡಿಯುವ ನೀರನ್ನೇ ಕೊಡುತ್ತಾನೆ. ಮೊನ್ನೆ ಅವನದೇ ಅಂಗಳದ ಸರದಿ ಬಂತು. ಸುತ್ತಲೂ ಕೊರೆದ, ಮೂಲೆಯ ಹುತ್ತದ ತಂಟೆಗೆ ಮಾತ್ರ ಹೋಗಲಿಲ್ಲ. “ಮ್ವಾಪೆಯ ಅಪ್ಪಾ, ಅದನ್ಯಾಕೆ ಬಿಟ್ರಿ?” ಎಂದಳು ಹೆಂಡತಿ. “ಗೆದ್ದಲು ಕಚ್ತಾವೆ, ಬಿಡು,” ಎಂದ. ಅವಳು ಬಸುರಿಯಾಗಿದ್ದಾಗ ದಿನಾ ಅದೇ ಹುತ್ತದಿಂದ ಹೆಂಟೆ ಮುರಿದು, ಅಂಗೈಯಲ್ಲಿಟ್ಟು ತಂದು ಕೊಡುತ್ತಿದ್ದವನು ಅವನೇ. ಹೊಸ್ತಿಲ ಮೇಲೆ ಕೂತಿದ್ದ ಮಗ ಮ್ವಾಪೆ, ಮೀಸೆ ಬಂದರೂ ಇನ್ನೂ ಮಾತು ಬಾರದವನು, ಅಪ್ಪ ತೊಳೆದಿಟ್ಟ ಬೈರಿಗೆ ಬಿಸಿಲಿಗೆ ಹೊಳೆಯುವುದನ್ನು ಕಂಡು ಚಪ್ಪಾಳೆ ತಟ್ಟಿದ.